ಎಡಗಿವಿಯ ಮಣಿ

ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುವಷ್ಟು ಜಾಗವಿರಲಿಲ್ಲ. ಕೆಳಗೆ ಅಪ್ಪ, ಚಿಕ್ಕಪ್ಪಂದಿರ ಮರಗೆಲಸದ ಅಂಗಡಿ, ಮೇಲೆ ಸಂಸಾರ. ಬೆಳಗಾದರೆ ಕೆಳಗೆ ಗರಗಸ, ಮೇಲೆ ದೊಡ್ಡಮ್ಮನ ಹೊಲಿಗೆ ಯಂತ್ರ. ಇವೆರಡನ್ನೂ ಮೀರಿಸಲು ಎಲ್ಲರೂ ಕೂಗಿಯೇ ಮಾತಾಡುತ್ತಿದ್ದರು. ಉಪ್ಪು ಕೇಳಿದರೂ ಜಗಳಕ್ಕೆ ನಿಂತಂತಿರುತ್ತಿತ್ತು. ಎಂಟು ವರ್ಷದ ಕಡ್ಡಿಯ ದನಿ ಮಾತ್ರ ಆ ಗದ್ದಲದಲ್ಲಿ ಮೇಲೇಳುತ್ತಲೇ ಇರಲಿಲ್ಲ. ಕಡ್ಡಿ ಅವಳ ಹೆಸರಲ್ಲ. ಸಣಕಲಿ ಎಂದು ಚಿಕ್ಕಪ್ಪ ಹಾಗೆ ಕರೆದದ್ದು, ಅದೇ ಅಂಟಿಕೊಂಡಿತ್ತು.

ಒಂದು ಭಾನುವಾರ ಅವಳು ಪದ್ಯ ಬಾಯಿಪಾಠ ಮಾಡಲು ಕೂತಳು. ಒಂದು ಸಾಲೂ ತಲೆಗೆ ಹತ್ತಲಿಲ್ಲ. ಸದ್ದು ತಡೆಯಲು ದೊಡ್ಡಮ್ಮನ ಹೊಲಿಗೆ ಡಬ್ಬಿಯಿಂದ ಎರಡು ಮಣಿ ತೆಗೆದು ಕಿವಿಗಳಿಗೆ ಇಟ್ಟುಕೊಂಡಳು. ಬಲಗಿವಿಯದು ತಲೆ ವಾಲಿಸಿದಾಗ ಉದುರಿತು. ಎಡಗಿವಿಯದು ತೆಗೆಯಲು ಹೋದಷ್ಟೂ ಒಳಕ್ಕೆ ಸರಿಯಿತು.

ಚಿಕ್ಕಪ್ಪನ ಮಗ ಅಂಗಳದಲ್ಲಿ ಗೋಲಿ ಆಡುತ್ತಿದ್ದ. “ಕಿವಿಯೊಳಗೆ ಏನಾದ್ರೂ ಹೋದ್ರೆ ಏನಾಗುತ್ತೆ?” ಎಂದು ಕೇಳಿದಳು.

“ಮಿದುಳಿಗೆ ಹೋಗುತ್ತೆ,” ಎಂದ ಅವನು, ಗುರಿಯಿಂದ ಕಣ್ಣು ಕೀಳದೆ. “ಆಮೇಲೆ ಮೂಗಿಂದ ಬರುತ್ತೆ. ಬರದಿದ್ರೆ ಕಥೆ ಮುಗೀತು.”

ಅವತ್ತಿನಿಂದ ಅವಳು ಮೂಗು ಸೀಟಿದಾಗಲೆಲ್ಲ ಕರವಸ್ತ್ರ ಬಿಡಿಸಿ ನೋಡತೊಡಗಿದಳು.

ಅಮ್ಮ ಮಕ್ಕಳ ಯೂನಿಫಾರ್ಮುಗಳ ರಾಶಿ ಹಾಕಿಕೊಂಡು ಇಸ್ತ್ರಿ ಮಾಡುತ್ತಿದ್ದಾಗ ಕಡ್ಡಿ ಧೈರ್ಯ ಮಾಡಿ ಹತ್ತಿರ ಹೋದಳು.

“ಅಮ್ಮ, ನನ್ನ ಕಿವಿಯೊಳಗೆ ಮಣಿ ಹೋಗಿದೆ.”

“ಹೂಂ,” ಎಂದಳು ಅಮ್ಮ. ಅಷ್ಟರಲ್ಲಿ “ಹಾಲು ಉಕ್ತಾ ಇದೆ, ಯಾರ್ರೀ ಅಲ್ಲಿ!” ಎಂಬ ಕೂಗು ಕೇಳಿ ಒಲೆಯ ಕಡೆ ಓಡಿದಳು.

ಕಡ್ಡಿ ಬಹಳ ಹೊತ್ತು ಯೋಚಿಸಿದಳು. ಅಮ್ಮನಿಗೆ ವಿಷಯ ಗೊತ್ತಾಗಿದೆ. ಆದರೂ ಏನೂ ಮಾಡಲಿಲ್ಲವೆಂದರೆ ಮಾಡುವುದಕ್ಕೆ ಏನೂ ಇಲ್ಲ ಎಂದೇ ಅರ್ಥ. ಅವಳು ತನ್ನ ಕೆಂಪು ಪೆನ್ಸಿಲನ್ನು ಪುಟ್ಟ ತಂಗಿಗೆ ಕೊಟ್ಟುಬಿಟ್ಟಳು.

ಆಮೇಲೆ ಮನೆಯೇ ದೂರ ಸರಿದಂತಾಯಿತು. ಎಡಕ್ಕೆ ಕೂತವರ ತುಟಿಯಷ್ಟೇ ಅಲ್ಲಾಡುತ್ತಿತ್ತು. ಚಿಕ್ಕಮ್ಮಂದಿರು ನಕ್ಕರೆ ತನ್ನ ವಿಷಯವೇ ಇರಬೇಕು, ತನಗೆ ತಿಳಿಯಬಾರದೆಂದು ಪಿಸುಗುಟ್ಟುತ್ತಿದ್ದಾರೆ ಎಂದುಕೊಂಡಳು. ಶಾಲೆಯಲ್ಲಿ ಟೀಚರ್ ಗದರಿದರು. ಮನೆಯಲ್ಲಿ ದೊಡ್ಡಮ್ಮ, “ಕರೆದ್ರೆ ಓಗೊಡಲ್ಲ. ಜಾಣ ಕಿವುಡು ಕಲ್ತುಬಿಟ್ಟಿದಾಳೆ,” ಎಂದಳು. ಎಲ್ಲರೂ ನಕ್ಕರು.

ನಗದವನು ತಾತ ಒಬ್ಬನೇ, ಏಕೆಂದರೆ ಅವನಿಗೆ ಕೇಳಿಸಿರಲಿಲ್ಲ. ವರ್ಷಾನುಗಟ್ಟಲೆ ಗರಗಸದ ಪಕ್ಕ ನಿಂತು ಕಿವಿ ಕಳೆದುಕೊಂಡ ಅವನು ಈಗ ದಿನವಿಡೀ ಕಿಟಕಿಯ ಬಳಿ ಕೂತಿರುತ್ತಿದ್ದ. ಮಾತಾಡಬೇಕಿಲ್ಲವೆಂದು ಕಡ್ಡಿ ಅಲ್ಲಿಗೆ ಹೋಗಿ ಕೂರತೊಡಗಿದಳು.

ಒಂದು ಸಂಜೆ ಅಮ್ಮ ಒಳಗಿನಿಂದ ಕರೆದಳು. ಕಡ್ಡಿ ಮುಖವನ್ನು ಪೂರಾ ತಿರುಗಿಸಿ ಬಲಗಿವಿ ಕೊಟ್ಟಳು. ತಾತ ಅದನ್ನೇ ನೋಡಿದ. ಅವಳ ಗಲ್ಲ ಹಿಡಿದು ನಿಲ್ಲಿಸಿ, ಎಡಗಿವಿಯ ಹಿಂದೆ ಚಿಟಿಕೆ ಹೊಡೆದ. ಅವಳು ಕದಲಲಿಲ್ಲ.

“ಏನ್ರೋ!” ಎಂದು ತಾತ ಗುಡುಗಿದ. ತನ್ನ ದನಿ ಎಷ್ಟು ದೊಡ್ಡದೆಂದು ಅವನಿಗೆ ಗೊತ್ತಿರಲಿಲ್ಲ. ಕೆಳಗೆ ಗರಗಸ ನಿಂತಿತು. “ಮಗು ನನ್ನ ಥರ ಕಿವಿ ತಿರುಗಿಸ್ತಿದೆ! ನಿಮಗೆಲ್ಲ ಕಣ್ಣಿಲ್ವಾ?”

ಡಾಕ್ಟರು ಸಣ್ಣ ಕೊಕ್ಕೆ ಹಾಕಿ ಕ್ಷಣದಲ್ಲಿ ಮಣಿ ತೆಗೆದರು. ಕಡ್ಡಿಗೆ ಮೊದಲು ಕೇಳಿಸಿದ್ದು ಫ್ಯಾನಿನ ಕಿರುಗುಟ್ಟುವಿಕೆ. ಆಮೇಲೆ, ಪಕ್ಕದಲ್ಲಿ ನಿಂತಿದ್ದ ಅಪ್ಪನ ಉಸಿರು.

ಮನೆಗೆ ಬಂದ ಮೇಲೆ ಚಿಕ್ಕಪ್ಪ ಆ ಕಥೆಗೆ ಉಪ್ಪುಖಾರ ಹಚ್ಚಿ ಹೇಳಿದ. ಕಡ್ಡಿ ಡಾಕ್ಟರ ಕೈ ಕಚ್ಚಿದಳಂತೆ, ಮಣಿ ಹಾರಿ ನರ್ಸಮ್ಮನ ಟೀ ಲೋಟಕ್ಕೆ ಬಿತ್ತಂತೆ. ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. “ನಾನು ಕಚ್ಚಲಿಲ್ಲ,” ಎಂದಳು ಕಡ್ಡಿ. ಯಾರಿಗೂ ಕೇಳಿಸಲಿಲ್ಲ. ಯಾಕೆ ಮಣಿ ಹಾಕಿಕೊಂಡೆ ಎಂದು ಯಾರೂ ಕೇಳಲೂ ಇಲ್ಲ. ಅವಳು ಎದ್ದು ಹೋಗಿ ಮೆಟ್ಟಿಲ ಮೇಲೆ ಕೂತಳು.

ಅಮ್ಮ ಹಿಂದೆಯೇ ಬಂದಳು. “ನಂಗ್ಯಾಕೆ ಹೇಳ್ಲಿಲ್ಲ ಕಂದಾ?”

“ಹೇಳಿದ್ನಲ್ಲ.”

“ಯಾವಾಗ?”

“ನೀನು ಇಸ್ತ್ರಿ ಮಾಡ್ತಿದ್ದಾಗ. ಹೂಂ ಅಂದೆ.”

ಅಮ್ಮ ಮಗಳ ಪಕ್ಕ ಕೂತು, “ಇನ್ನೇನಿದೆ? ಎಲ್ಲಾ ಹೇಳು,” ಎಂದಳು.

ಹೇಳುವುದಕ್ಕೆ ಎಷ್ಟೊಂದಿತ್ತು. ಟೀಚರ್ ಗದರಿದ್ದು, ಪಿಸುಮಾತು, ಮಿದುಳು. ಎಲ್ಲಿಂದ ಶುರು ಮಾಡಲಿ ಎಂದು ಕಡ್ಡಿ ನೋಡುತ್ತಿದ್ದಂತೆಯೇ ಒಳಗಿನಿಂದ ದೊಡ್ಡಮ್ಮ ಅಮ್ಮನನ್ನು ಕರೆದಳು. ಅಮ್ಮ ಅಲುಗಲಿಲ್ಲ. ಮೂರನೆಯ ಸಲ ಕರೆದಾಗ, “ಇಲ್ಲೇ ಇರು, ಬಂದೆ,” ಎಂದು ಎದ್ದಳು.

ಕಡ್ಡಿ ಕಾದಳು. ಪಾತ್ರೆಗಳ ಸದ್ದು, ನಗು, ಯಾರದೋ ಸೀನು ಎಲ್ಲವೂ ಈಗ ನಿಚ್ಚಳವಾಗಿ ಕೇಳಿಸುತ್ತಿತ್ತು. ಅವುಗಳ ನಡುವೆ ಅಮ್ಮನ ದನಿಯೂ ಕೇಳಿಸಿತು: “ಬೇಗ ಹೇಳಿ ಅಕ್ಕ, ಮಗು ಕಾಯ್ತಿದೆ.”