ಮೀಸಲು ಹಾಲು, ನಾಲ್ಕನೇ ಡ್ರಿಪ್

ತುಮಕೂರಿನ ಆಸ್ಪತ್ರೆಯಲ್ಲಿ ನಮ್ಮವ್ವನನ್ನು ತೂಕದ ಮೇಲೆ ನಿಲ್ಲಿಸಿದರು. ಮೂವತ್ತೇಳು ಕೆ.ಜಿ. ರಕ್ತ ತೆಗೆದು ನೋಡಿದರು. ಬಿಳಿ ಕಣ ಕಮ್ಮಿ. ಡಾಕ್ಟರಮ್ಮ ಚೀಟಿ ನನ್ನ ಕೈಗೆ ವಾಪಸ್ ಕೊಟ್ಟರು.

"ಇವತ್ತು ಡ್ರಿಪ್ ಹಾಕಕ್ಕಾಗಲ್ಲಪ್ಪ. ಇವರ ಮೈ ತಡ್ಕೊಳಲ್ಲ. ಎರಡು ವಾರ ಚೆನ್ನಾಗಿ ಊಟ ಮಾಡ್ಸಿ ಕರ್ಕೊಂಡ್ ಬಾ. ಹಾಲು, ಮೊಟ್ಟೆ, ಕಾಳು. ಮಾಂಸ ತಿನ್ನೋರಾದ್ರೆ ಬಾಡು."

ನನಗೆ ನಾಚಿಕೆ ಆಯಿತು. ಯಾಕೆ ಅಂದರೆ ನಮ್ಮ ಮನೆಯಲ್ಲಿ ಕರೆಯೋ ಹಸು ಎರಡಿವೆ. ಕುರಿ ಎಂಬತ್ತಿವೆ. ಆದರೂ ಒಂದು ತಿಂಗಳಿಂದ ನಮ್ಮವ್ವನ ಬಾಯಿಗೆ ಒಂದು ಲೋಟ ಹಾಲು ಬಿದ್ದಿರಲಿಲ್ಲ.

ನಮ್ಮದು ಬಡವನಹಳ್ಳಿಯಿಂದ ಒಳಕ್ಕೆ ಹೋದರೆ ಸಿಗೋ ಹಟ್ಟಿ. ಕುರಿ ಮೇಯಿಸೋ ಜನ ನಾವು. ನಮ್ಮವ್ವ ಪುಟ್ಟಕ್ಕನಿಗೆ ಎದೆಯಲ್ಲಿ ಕ್ಯಾನ್ಸರ್ ಗಂಟಾಗಿ ಆಪರೇಷನ್ ಆಯಿತು. ಒಳಗೆ ಉಳಿದ ಗಂಟಿನ ಬೀಜ ಸಾಯಲಿ ಅಂತ ಆಮೇಲೆ ಕಿಮೋ ಔಷಧಿಯ ಆರು ಡ್ರಿಪ್ ಹಾಕಬೇಕು ಅಂದರು. ಮೂರು ಮುಗಿಯಿತು. ಅಷ್ಟೊತ್ತಿಗೆ ಮನೆಯ ಯಜಮಾನ, ನಮ್ಮ ದೊಡ್ಡಪ್ಪ ಮೂಡಲಗಿರಿಯಪ್ಪ ಮೀಸಲು ಕಟ್ಟಿದ.

ಮೀಸಲು ಅಂದರೆ ಮನೆಗೆ ಕಷ್ಟ ಬಂದಾಗ ಹಾಲನ್ನು ದೇವರಿಗೆ ಅಂತ ಎತ್ತಿಡೋದು. ಹಾಲು ಹೆಪ್ಪು ಹಾಕಿ, ಕಡೆದು, ಬೆಣ್ಣೆ ಕಾಯಿಸಿ, ತುಪ್ಪವನ್ನು ಗುಡಿಗೆ ಒಪ್ಪಿಸಬೇಕು. ನಲವತ್ತೆಂಟು ದಿನ ಮನೆಯವರು ಯಾರೂ ಅದನ್ನು ನಾಲಗೆಗೆ ಸೋಕಿಸಬಾರದು. ಒಲೆ ಮೇಲೆ ಬಾಡು ಬೇಯಬಾರದು. ಮೊಟ್ಟೆ ಹೊಸಿಲು ದಾಟಬಾರದು.

ದೇವರನ್ನು ನಾನು ಬಯ್ಯೋನಲ್ಲ. ಆದರೆ ಕೇಳ್ತೀನಿ, ಹೊಟ್ಟೆ ಒಣಗಿಸಿಕೊಂಡಿದ್ದು ಯಾರು? ಕಾಯಿಲೆಯವಳು. ದೊಡ್ಡಪ್ಪ ಬಡವನಹಳ್ಳಿಗೆ ಹೋದಾಗಲೆಲ್ಲ ಹೋಟೆಲಲ್ಲಿ ಎರಡೆರಡು ಟೀ ಕುಡೀತಿದ್ದ. ಆ ಹಾಲಿಗೆ ಮೀಸಲಿಲ್ಲವಂತೆ. ಅದು ಹೋಟೆಲಿನವನ ಹಸುವಿನದಂತೆ!

ಆವತ್ತು ಹಟ್ಟಿಗೆ ಬಂದವನೇ ಹೇಳಿದೆ. "ದೊಡ್ಡಪ್ಪ, ಡ್ರಿಪ್ ಹಾಕ್ಲಿಲ್ಲ. ಅವ್ವಂಗೆ ಹಾಲು ಕೊಡ್ಬೇಕಂತೆ."

"ಮೀಸಲು ಮುಗೀಲಿ ಕಣ್ಲಾ. ಇನ್ನು ಹದಿನೆಂಟು ದಿನ."

"ಹದಿನಾಲ್ಕನೇ ದಿನಕ್ಕೇ ಬರೋಕೇಳವ್ರೆ."

"ಲೇ ಅಂಜಿನಾ, ಏಳನೇ ಕ್ಲಾಸಿಗೆ ಸ್ಕೂಲ್ ಬುಟ್ಟೋನು ನಂಗೆ ಬುದ್ಧಿ ಹೇಳಾಕ್ ಬತ್ತೀಯ? ಹಾಲು ಬಾಡು ತಿಂದ್ರೆ ಗಂಟು ಇನ್ನೂ ಬೆಳೀತದೆ. ಎಲ್ರೂ ಅಂತಾರೆ."

"ಯಾರು ಎಲ್ರೂ? ಒಬ್ಬರ ಹೆಸ್ರು ಹೇಳು."

"ಎಲ್ರೂ ಅಂದ್ರೆ ಎಲ್ರೂ ಕಣ್ಲಾ!"

ಅವ್ವ ಗೋಡೆಗೆ ಒರಗಿ ಕೂತಿದ್ದಳು. "ಸುಮ್ಕಿರ್ಲಾ, ದ್ಯಾವ್ರ ಕೆಲ್ಸ," ಅಂದಳು. ಅವಳ ಮೊಣಕೈ ನೋಡಿದೆ. ಬರೀ ಮೂಳೆ.

ಮಾರನೇ ದಿನ ನಮ್ಮೂರಿನ ಆಶಾ ಕಾರ್ಯಕರ್ತೆ ಯಶೋದಕ್ಕನನ್ನು ಕರೆದುಕೊಂಡು ಬಂದೆ. ಅವಳು ಜಗಲಿ ಮೇಲೆ ಕೂತು ಮೊದಲು ಅವ್ವನ ಕೈ ಹಿಡಿದು ನೋಡಿದಳು. ಆಮೇಲೆ ದೊಡ್ಡಪ್ಪನ ಕಡೆ ತಿರುಗಿದಳು.

"ಮಾವ, ನಿಮ್ ಕುರಿ ಕೂಡೋ ರೊಪ್ಪಕ್ಕೆ ನಾಯಿ ಎಷ್ಟವೆ?"

"ಮೂರು. ಯಾಕಮ್ಮ?"

"ಒಂದು ತಿಂಗ್ಳು ಅವುಕ್ಕೆ ಹಿಟ್ಟು ಹಾಕ್ಬ್ಯಾಡಿ. ತೋಳ ಬಂದ್ರೆ ಏನಾಯ್ತದೆ?"

"ಎದ್ದೇಳಾಕ್ಕೂ ಆಗಕಿಲ್ಲ ಅವುಕ್ಕೆ. ಇನ್ನೇನ್ ತೋಳ ಓಡಿಸ್ತವೆ?"

"ಪುಟ್ಟಕ್ಕನ ಮೈಯಲ್ಲೂ ಕಾವಲು ನಾಯಿ ಅವೆ ಮಾವ. ರಕ್ತದಲ್ಲಿರೋ ಬಿಳಿ ಕಣ ಅಂದ್ರೆ ಅವೇ. ಕಾಯಿಲೆ ಮೇಲೆ ಬೀಳೋವು. ಡ್ರಿಪ್ಪಿನ ಔಷಧಿ ಗಂಟಿನ ಬೀಜ ಸಾಯಿಸ್ತದೆ, ಜೊತೆಗೆ ಈ ನಾಯಿಗಳ್ನೂ ಒಂದಿಷ್ಟು ಕಮ್ಮಿ ಮಾಡ್ತದೆ. ಮೈ ಮತ್ತೆ ಹೊಸಾವು ಹುಟ್ಟಿಸ್ಬೇಕು. ಬರೀ ಮುದ್ದೆ, ನೀರು ಸಾರಲ್ಲಿ ಹೆಂಗೆ ಹುಟ್ಟಿಸ್ತದೆ?"

"ಹಾಲು ಕುಡುದ್ರೆ ಗಂಟೂ ಕುಡೀತದಲ್ಲಮ್ಮ?"

"ಉಪಾಸ ಹಾಕಿದ್ರೆ ಗಂಟು ಉಪಾಸ ಇರಕಿಲ್ಲ ಮಾವ. ಅದು ಮೈಯನ್ನೇ ತಿಂತದೆ. ಮೊದ್ಲು ಸಾಯೋದು ಪುಟ್ಟಕ್ಕ."

ದೊಡ್ಡಪ್ಪ ಎದ್ದು ಟವಲ್ ಕೊಡವಿಕೊಂಡ. "ಕಟ್ಟಿದ ಮೀಸಲು ನಾನು ಮುರಿಯಕಿಲ್ಲ," ಅಂದು ಕುರಿ ಹಿಂದೆ ಹೋದ.

ಸರಿ, ನೀನು ಮುರೀಬೇಡ, ನಾನು ಮುರೀತೀನಿ ಅಂದುಕೊಂಡೆ.

ಬೆಳಿಗ್ಗೆ ನಾನೇ ಹಸು ಕರೆದೆ. ಮನೆ ಒಲೆ ಮುಟ್ಟಲಿಲ್ಲ. ಬೇವಿನ ಮರದ ಕೆಳಗೆ ಮೂರು ಕಲ್ಲು ಹೂಡಿ ಹಾಲು ಕಾಯಿಸಿದೆ. ಹಟ್ಟಿಯ ಹೆಂಗಸರು ಬಿಂದಿಗೆ ಸೊಂಟದ ಮೇಲೆ ಇಟ್ಟುಕೊಂಡು ನಿಂತುಬಿಟ್ಟರು. ಹಾಲು ಮೂರು ಸಲ ಉಕ್ಕಿ ಬಂತು. ಲೋಟಕ್ಕೆ ಬಗ್ಗಿಸಿ ಅವ್ವನ ಮುಂದೆ ಹಿಡಿದೆ.

"ಬ್ಯಾಡ ಕಣ್ಲಾ. ದ್ಯಾವ್ರು ಮುನಿಸ್ಕೊಂಡ್ರೆ?"

"ಮುನಿಸ್ಕೊಂಡ್ರೆ ನನ್ ಮ್ಯಾಲೆ ಮುನಿಸ್ಕೊಳ್ಲಿ. ಕರೆದೋನು ನಾನು, ಕಾಯ್ಸಿದೋನು ನಾನು. ನೀನು ಕುಡಿ."

ಅವಳು ಕಣ್ಣು ಮುಚ್ಚಿಕೊಂಡು ಕುಡಿದಳು. ಗುಡುಗಲಿಲ್ಲ, ಸಿಡಿಲು ಬೀಳಲಿಲ್ಲ. ಪಕ್ಕದ ಮನೆ ನರಸಮ್ಮ ಒಳಗೆ ಹೋಗಿ ಸೆರಗಿನಲ್ಲಿ ಎರಡು ಮೊಟ್ಟೆ ತಂದು ಕಲ್ಲಿನ ಪಕ್ಕ ಇಟ್ಟಳು. "ಚೆನ್ನಾಗಿ ಬೇಯ್ಸು, ಹಳದಿ ಗಟ್ಟಿ ಆಗ್ಬೇಕು," ಅಂದಳಷ್ಟೆ.

ಅವತ್ತಿಂದ ಬೇವಿನ ಮರದ ಕೆಳಗೆ ನಮ್ಮ ಬೇರೆ ಒಲೆ. ಹಾಲು, ಮೊಟ್ಟೆ, ಹುರುಳಿಕಾಳು ಸಾರು. ಭಾನುವಾರ ಮೆತ್ತಗೆ ಬೇಯಿಸಿದ ಕುರಿ ಬಾಡು, ನಾಲ್ಕೇ ನಾಲ್ಕು ತುಂಡು. ದೊಡ್ಡಪ್ಪ ನನ್ನ ಜೊತೆ ಮಾತು ಬಿಟ್ಟ.

ನನ್ನ ತಪ್ಪು ಶುರು ಆಗಿದ್ದು ಇಲ್ಲಿಂದ. ಗೆಲ್ಲಬೇಕು ಅನ್ನೋ ಹಟ ಬಂದುಬಿಟ್ಟಿತ್ತು ನನಗೆ. ಒಂದಿನ ಮೊಬೈಲಿನಲ್ಲಿ ಪೇಪರಿನ ಒಂದು ಸುದ್ದಿ ಸಿಕ್ಕಿತು. ಹಸು, ಕುರಿ ಇಂಥ ಮೆಲುಕು ಹಾಕೋ ಪ್ರಾಣಿಗಳ ಹಾಲಲ್ಲಿ, ಬಾಡಲ್ಲಿ ಒಂದು ಜಾತಿ ಕೊಬ್ಬಿನಂಶ ಇರುತ್ತಂತೆ. ಟ್ರಾನ್ಸ್ ವ್ಯಾಕ್ಸೆನಿಕ್ ಆಸಿಡ್ ಅಂತ ಹೆಸರು. ಅಮೆರಿಕದ ವಿಜ್ಞಾನಿಗಳು ಅದನ್ನು ಇಲಿಗಳಿಗೆ ತಿನ್ನಿಸಿ ನೋಡಿದರಂತೆ. ಇಲಿಗಳ ಮೈಯ ಕಾವಲು ಕಣಗಳು ಚುರುಕಾಗಿ ಗಡ್ಡೆ ಬೆಳೆಯೋದು ನಿಧಾನ ಆಯಿತಂತೆ. ಓದಿದವನೇ ರೊಪ್ಪಕ್ಕೆ ಓಡಿದೆ.

"ನೋಡು ದೊಡ್ಡಪ್ಪ, ಪೇಪರ್ನಲ್ಲೇ ಹಾಕವ್ರೆ! ಹಾಲು, ಕುರಿ ಬಾಡಲ್ಲಿ ಕ್ಯಾನ್ಸರ್ ಮ್ಯಾಲೆ ಬೀಳೋ ಶಕ್ತಿ ಐತಂತೆ! ವಿಜ್ಞಾನಿಗಳೇ ಹೇಳವ್ರೆ!"

ಇಲಿ ಅನ್ನೋ ಮಾತನ್ನು ನಾನು ನುಂಗಿಕೊಂಡೆ. ಹೇಳಿದ್ದರೆ ದೊಡ್ಡಪ್ಪ ನಗುತ್ತಿದ್ದ. ಅದಕ್ಕೇ ಹೇಳಲಿಲ್ಲ.

ದೊಡ್ಡಪ್ಪ ಎರಡು ಸಲ ಓದಿಸಿದ. ಅವನ ಮುಖ ಅರಳಿತು. "ನಮ್ ಕುರಿಲೇ ಐತಾ? ನಮ್ ಹಸೂಲೇ ಐತಾ?" ಅಂದ. ಹಟ್ಟಿಯೆಲ್ಲ ಸುತ್ತಿ ಹೇಳಿಕೊಂಡು ಬಂದ. ಅವನೇ ಗುಡಿಗೆ ಹೋಗಿ ತಪ್ಪುಕಾಣಿಕೆ ಇಟ್ಟು ಮೀಸಲು ಬಿಚ್ಚಿಸಿದ. ನಾನು ಗೆದ್ದೆ ಅಂತ ಬೀಗಿದೆ.

ಮೂರು ದಿನ ಕಳೆಯಿತು. ನಾಳೆ ತುಮಕೂರಿಗೆ ಹೋಗಬೇಕು. ಆಟೋದವನಿಗೆ ಫೋನ್ ಮಾಡಿದರೆ, "ನಿಮ್ ದೊಡ್ಡಪ್ಪ ಬ್ಯಾಡ ಅಂದ್ರಲ್ಲ?" ಅಂದ.

ಓಡಿ ಮನೆಗೆ ಬಂದೆ. ದೊಡ್ಡಪ್ಪ ಆಗತಾನೆ ಕರೆದ ನೊರೆಹಾಲು ಚೆಂಬಿನ ತುಂಬ ಹಿಡಿದು ಅವ್ವನ ಬಾಯಿ ಹತ್ತಿರ ಇಟ್ಟಿದ್ದ.

"ಆಟೋ ಯಾಕ್ ಬ್ಯಾಡ ಅಂದೆ?"

"ಇನ್ಯಾಕ್ಲಾ ಆಸ್ಪತ್ರೆ? ಔಷಧಿ ನಮ್ ಕೊಟ್ಟಿಗೇಲೇ ಐತೆ. ನೀನೇ ಓದಿ ಹೇಳ್ದೆ! ಆ ಸೂಜಿ ಚುಚ್ಚಿಸ್ಕೊಂಡು ಕೂದ್ಲು ಉದುರಿಸ್ಕೊಂಡು ವಾಂತಿ ಮಾಡ್ಕೊಂಡು... ಯಾಕೆ? ಮೂರೊತ್ತೂ ಬಾಡು ತಿನ್ಲಿ, ಹಾಲು ಕುಡೀಲಿ. ಗಂಟು ತಾನೇ ಕರಗ್ತದೆ."

ಅಷ್ಟರಲ್ಲಿ ಯಶೋದಕ್ಕ ಬಂದಳು. ನಾಳೆಗೆ ಚೀಟಿ ಎಲ್ಲ ಸರಿ ಇದೆಯಾ ನೋಡೋಣ ಅಂತ ಬಂದಿದ್ದಳು. ಮೊದಲು ದೊಡ್ಡಪ್ಪನ ಕೈಯಿಂದ ಚೆಂಬು ಕಿತ್ತುಕೊಂಡಳು.

"ಹಸಿ ಹಾಲು ಕುಡಿಸ್ತಾರಾ ಮಾವ? ಕಾವಲು ಕಮ್ಮಿ ಇರೋ ಮೈಗೆ ಒಂದು ಕ್ರಿಮಿ ಸಾಕು ಜ್ವರ ಬರಾಕೆ. ಕುದಿಸ್ದೆ ಒಂದು ತೊಟ್ಟೂ ಕೊಡ್ಬ್ಯಾಡಿ."

"ವಿಜ್ಞಾನಿಗಳು ಹೇಳವ್ರಮ್ಮ!"

"ಏನ್ ಹೇಳವ್ರೆ? ಮೊಬೈಲ್ ತಗಿಯಪ್ಪ ಅಂಜಿನಾ, ಓದು. ಪೂರ್ತಿ ಓದು."

ನಾನು ಓದಿದೆ. ಇಲಿ ಬಂದ ಕಡೆ ನನ್ನ ದನಿ ಇಳಿಯಿತು.

"ಜೋರಾಗಿ ಓದು!"

"ಇಲಿಗಳ ಮೇಲೆ," ಅಂದೆ.

"ಇಲಿನಾ?" ದೊಡ್ಡಪ್ಪ ಕಣ್ಣು ಬಿಟ್ಟ. "ಲೇ ಕಳ್ನನ್ಮಗ್ನೇ, ಇಲಿ ಅಂತ ಹೇಳ್ಲೇ ಇಲ್ವಲ್ಲೋ ನೀನು!"

"ಹೇಳ್ಲಿಲ್ಲ. ತಪ್ಪಾಯ್ತು."

ಯಶೋದಕ್ಕ ನನ್ನನ್ನೂ ಬಿಡಲಿಲ್ಲ. "ಅರ್ಧ ಓದಿ ಹೇಳೋನು ಓದ್ದೆ ಇರೋನಿಗಿಂತ ಕೇಡು ಕಣಪ್ಪ. ಕೇಳಿ ಮಾವ. ಸುದ್ದಿ ಸುಳ್ಳಲ್ಲ, ನಾನೂ ಓದಿವ್ನಿ. ಹಾಲಿನ, ಬಾಡಿನ ಆ ಅಂಶ ಕಾವಲು ಕಣಕ್ಕೆ ಚುರುಕು ಕೊಡ್ಬೋದು, ಕ್ಯಾನ್ಸರ್ ಔಷಧಿ ಜೊತೆಗೂ ಕೆಲ್ಸಕ್ಕೆ ಬರ್ಬೋದು ಅಂತ ಹುಡುಕ್ತಾ ಅವ್ರೆ. ಆದ್ರೆ ಇಷ್ಟು ಹಾಲು ಕುಡುದ್ರೆ ಮನುಷ್ಯರ ಗಂಟು ಕರಗ್ತದೆ ಅಂತ ಇನ್ನೂ ಯಾರೂ ತೋರಿಸಿಲ್ಲ. ಬಾಡು ಹೆಚ್ಚು ತಿನ್ನಿ ಅಂತಾನೂ ಹೇಳಿಲ್ಲ. ಕುರಿ, ಮೇಕೆ ಬಾಡು ಮೂರೊತ್ತೂ ತಿಂತಾ ಇದ್ರೆ ದೊಡ್ಡ ಕರುಳಿನ ಕ್ಯಾನ್ಸರ್ ಬರೋ ಭಯ ಜಾಸ್ತಿ ಆಯ್ತದೆ, ಅದೂ ಗೊತ್ತಿರ್ಲಿ. ಊಟ ಊಟವೇ. ಔಷಧಿ ಔಷಧಿಯೇ."

"ಹಂಗಾದ್ರೆ ಬಾಡು ತಿನ್ನಿಸ್ಬೇಕಾ, ಬ್ಯಾಡ್ವಾ? ಒಂದು ಮಾತು ಹೇಳಮ್ಮ!"

ಆಗ ಅವ್ವ ಗೋಡೆ ಬಿಟ್ಟು ಎದ್ದು ನಿಂತಳು. ಮದುವೆಯಾಗಿ ಬಂದಾಗಿನಿಂದ ದೊಡ್ಡಪ್ಪನ ಮುಂದೆ ದನಿ ಎತ್ತಿದವಳಲ್ಲ ಅವಳು.

"ಬಾವ, ಮೊದ್ಲು ಹಾಲು ಬ್ಯಾಡ ಅಂದ್ರಿ. ಸುಮ್ಕಿದ್ದೆ. ಈಗ ಸೂಜಿ ಬ್ಯಾಡ ಅಂತೀರ. ಇವ್ನೂ ಅಷ್ಟೆ, ನಿಮ್ ಮ್ಯಾಲೆ ಗೆಲ್ಲಾಕೆ ಅರ್ಧ ಸುದ್ದಿ ತಂದ. ಸಾಯೋಳು ನಾನು. ಪುಟ್ಟಕ್ಕ, ನಿಂಗೇನು ಬೇಕು ಅಂತ ನಿಮ್ಮಲ್ಲಿ ಒಬ್ರಾದ್ರೂ ಕೇಳಿದ್ರಾ?"

ಆಸ್ಪತ್ರೆ ಚೀಟಿ ತೆಗೆದು ಸೆರಗಿಗೆ ಕಟ್ಟಿಕೊಂಡಳು.

"ನಂಗೆ ಊಟಾನೂ ಬೇಕು, ಸೂಜೀನೂ ಬೇಕು. ಯಾವ್ದು ಎಷ್ಟು ಅನ್ನೋದ್ನ ಡಾಕ್ಟ್ರು ಹೇಳ್ತಾರೆ. ನೀವು ಆಟೋ ಕರೆಸ್ದೆ ಇದ್ರೆ ನಡ್ಕೊಂಡಾದ್ರೂ ಬಡವನಹಳ್ಳಿಗೆ ಹೋಗಿ ಬಸ್ ಹತ್ತೀನಿ."

ದೊಡ್ಡಪ್ಪ ನನ್ನ ಕೈಯಿಂದ ಮೊಬೈಲ್ ಕಿತ್ತುಕೊಂಡು, "ಆ ಆಟೋದವನ ನಂಬರ್ ಒತ್ತಿಕೊಡ್ಲಾ, ನಾನೇ ಮಾತಾಡ್ತೀನಿ," ಅಂದ.

ಮಾರನೇ ದಿನ ಅವನೂ ಜೊತೆಗೆ ಬಂದ. ಅವ್ವನ ತೂಕ ಮೂವತ್ತೊಂಬತ್ತು. ರಕ್ತವೂ ಪರವಾಗಿಲ್ಲ ಅಂದರು. ದೊಡ್ಡಪ್ಪ ಡಾಕ್ಟರಮ್ಮನನ್ನು ನಿಲ್ಲಿಸಿ ಹಾಲಿಂದ ಶುರು ಮಾಡಿ ಇಲಿ ತನಕ ಎಲ್ಲ ಕೇಳಿದ. ಅವರೂ ಯಶೋದಕ್ಕ ಹೇಳಿದ್ದನ್ನೇ ಹೇಳಿದರು. ನಾಲ್ಕನೇ ಡ್ರಿಪ್ ಹನಿ ಹನಿಯಾಗಿ ನಮ್ಮವ್ವನ ಕೈಗೆ ಇಳಿಯಿತು. ಇನ್ನೂ ಎರಡಿವೆ. ಅವೂ ಇಳೀತವೆ. ತಡೆಯೋರು ಯಾರು ಬರ್ತಾರೋ ಬರಲಿ.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಕ್ಯಾನ್ಸರ್ ಬಂದವರಿದ್ದರೆ ಪಥ್ಯ ಅಂತ ಹೇಳಿ ಅವರ ತಟ್ಟೆ ಖಾಲಿ ಮಾಡಬೇಡಿ. ಕಾಯಿಸಿದ ಹಾಲು, ಗಟ್ಟಿ ಬೇಯಿಸಿದ ಮೊಟ್ಟೆ, ಕಾಳು, ಕಡಲೆಬೀಜ ಕೊಡಿ. ಬಾಡು ತಿನ್ನೋರಿಗೆ ಚೆನ್ನಾಗಿ ಬೇಯಿಸಿ ಹಿತಮಿತವಾಗಿ ಕೊಡಿ. ಬಾಡು ತಿನ್ನದವರಿಗೆ ಕಾಳು, ಬೇಳೆ, ಹಾಲು ಇವೆ, ಹೆದರಬೇಡಿ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದರೆ ಎಷ್ಟು ಅಂತ ಡಾಕ್ಟರನ್ನು ಕೇಳಿ. ಹಾಲು ಕುಡಿದರೆ ಸಾಕು, ಮೇಕೆ ಕಾಲಿನ ಸೂಪ್ ಸಾಕು, ಆಸ್ಪತ್ರೆ ಬಿಡಿ ಅಂತ ಯಾವನಾದರೂ ಮೊಬೈಲಿನಲ್ಲಿ ಕಳಿಸಿದರೆ ನಂಬಬೇಡಿ, ಇನ್ನೊಬ್ಬರಿಗೆ ಕಳಿಸಬೇಡಿ. ಸಂಶಯ ಇದ್ದರೆ ನಿಮ್ಮೂರ ಆಶಾ ಅಕ್ಕ ಇದ್ದಾಳೆ, ಅವಳ ಬಾಗಿಲು ತಟ್ಟಿ.

ಊಟ ತಪ್ಪಿಸಬೇಡಿ. ಡ್ರಿಪ್ ತಪ್ಪಿಸಬೇಡಿ. ಅಡ್ಡ ನಿಂತೋರು ಎಷ್ಟೇ ದೊಡ್ಡೋರಾಗಿರಲಿ, ಎದುರು ನಿಂತು ಕೇಳಿ: ಕಾಯಿಲೆ ನಿನಗೋ, ಅವಳಿಗೋ?