ತೊಳೆದಿಟ್ಟ ಕೀಬೋರ್ಡ್

ತೊಳೆದುಬಿಟ್ಟಿದ್ದಳು ಮುದುಕಿ. ಒರೆಸಿದ್ದಲ್ಲ, ನಲ್ಲಿಯ ಕೆಳಗೆ ಹಿಡಿದು, ತೆಂಗಿನ ನಾರು ಹಾಕಿ ತಿಕ್ಕಿ ತೊಳೆದಿದ್ದಳು. ಅದೂ ಈ ವರ್ಷ ಮಾತ್ರವಲ್ಲ, ಆಯುಧ ಪೂಜೆ ಬಂದಾಗಲೆಲ್ಲ.

ಓಂಕಾರೇಶ ಕುಕ್ಕರಗಾಲಿನಲ್ಲಿ ಕೂತು ಮಣೆಯ ಮೇಲಿದ್ದ ಕೀಬೋರ್ಡನ್ನು ನೋಡಿದ. ಅದರ ಮೈಮೇಲೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ನಿನ್ನೆಯ ಬಾಡಿದ ಚೆಂಡು ಹೂವು. ಪಕ್ಕದಲ್ಲಿ ಕುಡುಗೋಲು, ಈಳಿಗೆಮಣೆ, ಮಿಕ್ಸಿ. ಮಿಕ್ಸಿಗೂ ಮೂರು ಪಟ್ಟೆ ಬಿದ್ದಿತ್ತು.

“ಚೊಕ್ಕವಾಗೈತಾ ಮೇಷ್ಟ್ರೇ?” ಎಂದಳು ಕರಿಬಸಮ್ಮ, ಹೊಗಳಿಕೆಗೆ ಕಾಯುತ್ತ.

“ಚೊಕ್ಕವಾಗಿದೆ” ಎಂದ, ಕೀಗಳ ಸಂದಿಯಲ್ಲಿ ನಿಂತ ನೀರನ್ನೇ ನೋಡುತ್ತ.

ಕಡೂರಿನ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುವ ಓಂಕಾರೇಶ ಹನ್ನೊಂದು ವರ್ಷಗಳಿಂದ ಹಳೆಯ ಕಂಪ್ಯೂಟರ್ ಕೀಬೋರ್ಡುಗಳನ್ನು ಕೂಡಿಡುತ್ತಿದ್ದ. ಈಗಿನ ಚಪ್ಪಟೆ, ಮೂಕ ಕೀಬೋರ್ಡುಗಳಲ್ಲ. ಪ್ರತಿ ಕೀಯ ಕೆಳಗೆ ಒಂದು ಸ್ಪ್ರಿಂಗ್ ಇರುವ, ಒತ್ತಿದರೆ ಟಕ್ಕೆಂದು ಒಪ್ಪಿಕೊಳ್ಳುವ, ಎತ್ತಿದರೆ ಕೈಸೋಲುವ ಭಾರದವು. ಮಹಡಿಯ ಕೋಣೆಯ ಗೋಡೆಯುದ್ದಕ್ಕೂ ಅವು ನಿಂತಿದ್ದವು. ಇವನ್ನೆಲ್ಲ ಯಾಕೆ ಇಟ್ಟುಕೊಂಡಿದ್ದೀರಿ ಎಂದು ಯಾರಾದರೂ ಕೇಳಿದರೆ ಕೊಡಲೆಂದು ಅವನು ಒಂದು ಜಾಣ ಉತ್ತರ ಸಿದ್ಧಮಾಡಿಕೊಂಡಿದ್ದ. ಬರಬರುತ್ತ ಯಾರೂ ಕೇಳದಾದರು.

ಹೆಂಡತಿ ತನುಜಾ ಮಾತ್ರ ಒಮ್ಮೆ ಬೇರೆಯದೇ ಪ್ರಶ್ನೆ ಕೇಳಿದ್ದಳು. “ಇಷ್ಟರಲ್ಲಿ ಒಂದರಲ್ಲಾದ್ರೂ ಏನಾದ್ರೂ ಬರ್ದಿದ್ದೀರಾ?”

ಅವನು ನಕ್ಕುಬಿಟ್ಟಿದ್ದ. ಎರಡು ತಿಂಗಳ ಹಿಂದೆ ಅವಳು ತರೀಕೆರೆಯ ತವರಿಗೆ ಹೋದಳು. ಜಗಳವೇನೂ ಆಗಿರಲಿಲ್ಲ. ಜಗಳವಾಗಿದ್ದರೆ ರಾಜಿಗೆ ಒಂದು ದಾರಿಯಾದರೂ ಇರುತ್ತಿತ್ತು.

ಇವತ್ತು ಬೆಳಿಗ್ಗೆ ಕಡೂರು ಸ್ಟೇಷನ್ನಿನಲ್ಲಿ ನಿಂತಿದ್ದಾಗ ಅವಳ ಮೆಸೇಜು ಬಂತು. ‘ವಿಜಯದಶಮಿ ಊಟಕ್ಕೆ ಕಾಯ್ತೀನಿ. ಇಲ್ಲಿನ ಸ್ಕೂಲಿಗೆ ಟೀಚರಾಗಿ ಸೇರ್ತೀನೋ ಇಲ್ವೋ ಅಂತ ನಾಳೆ ಹೇಳಬೇಕು. ಸೇರಿದ್ರೆ ಮತ್ತೆ ಕಡೂರಿಗೆ ಬರಲ್ಲ. ಬೇಡ ಅನ್ನೋದಾದ್ರೆ ಬೇಡ ಅಂತ ಬರೀರಿ. ಏನೋ ಒಂದು ಬರೀರಿ.’

ಓದಿದ. ಕೈಮುಗಿಯುವ ಚಿತ್ರವೊಂದನ್ನು ಹಾಕಿ, ಅಳಿಸಿ, ಅಜ್ಜಂಪುರದ ರೈಲು ಹತ್ತಿದ. ಅಜ್ಜಂಪುರದಿಂದ ತರೀಕೆರೆಗೆ ಬಸ್ಸುಗಳಿವೆ, ಕೀಬೋರ್ಡಿನ ಕೆಲಸ ಮುಗಿಸಿಕೊಂಡು ಹೋದರಾಯಿತು ಎಂದು ತನಗೆ ತಾನೇ ಹೇಳಿಕೊಂಡ. ಭೂಗೋಳದ ಮಟ್ಟಿಗೆ ಅದು ಸುಳ್ಳಲ್ಲ.

ಕರಿಬಸಮ್ಮನ ಈ ಕೀಬೋರ್ಡಿನ ಫೋಟೋ ಕಳಿಸಿದ್ದು ಅಜ್ಜಂಪುರದ ಕಂಪ್ಯೂಟರ್ ರಿಪೇರಿಯ ಶಿವಕುಮಾರ್. ಆ ಫೋಟೋ ನೋಡಿದಾಗಿನಿಂದ ಓಂಕಾರೇಶನಿಗೆ ನಿದ್ದೆ ಸರಿಯಿರಲಿಲ್ಲ. ಇಂಗ್ಲಿಷಿನ ಪಕ್ಕದಲ್ಲಿ ಕನ್ನಡ ಅಕ್ಷರಗಳು, ಅದೂ ಅಂಟಿಸಿದ್ದಲ್ಲ, ಕೀಯೊಳಗೇ ಎರಕ ಹೊಯ್ದದ್ದು. ಇಂಥದೊಂದು ಇದೆಯೆಂದು ಅವನು ಕೇಳಿದ್ದನೇ ಹೊರತು ಕಂಡಿರಲಿಲ್ಲ.

ಈಗ ಕಂಡ. ಅದನ್ನು ಮೆಲ್ಲಗೆ ಓರೆಮಾಡಿದ. ಸಂದಿಯಿಂದ ಕೆಂಪು ನೀರು ಹನಿಯಿತು. ಸ್ಪ್ರಿಂಗುಗಳಿಗೆ ತುಕ್ಕು ಹತ್ತಿದೆ, ಒಳಗಿನ ಸರ್ಕ್ಯೂಟ್ ಹಾಳೆಗಳು ಕೆಟ್ಟಿವೆ. ಉಳಿದಿರುವುದು ಸದ್ದೊಂದೇ. ಆದರೂ ಅಕ್ಷರಗಳಿದ್ದವಲ್ಲ.

“ಇದಕ್ಕೆ ಏನು ಕೊಡಲಮ್ಮಾ?”

“ಪೂಜೆಗಿಟ್ಟಿದ್ದನ್ನ ಮಾರಕ್ಕಾಯ್ತದಾ? ಸುಮ್ನೆ ತಗೊಂಡೋಗಿ” ಎಂದಳು. ಅವನು ಎತ್ತಿಕೊಳ್ಳಲು ಹೋದಾಗ ಕೈ ಅಡ್ಡ ತಂದಳು. “ತಡೀರಿ. ಹಂಗೇ ಎತ್ತಬಾರ್ದು. ಪೂಜೆ ಮಾಡಿದ ಕುಡ್ಲಲ್ಲಿ ಒಂದ್ ಹಿಡಿ ಹುಲ್ಲಾದ್ರೂ ಕುಯ್ದು ಆಮೇಲೆ ಎತ್ತೋದು. ಇದ್ರಲ್ಲೂ ಏನಾರ ಬರೀರಿ.”

“ಇದಕ್ಕೆ ಕಂಪ್ಯೂಟರ್ ಇಲ್ಲವಲ್ಲಮ್ಮಾ.”

“ನಮ್ಮನೆಯವ್ರಿಗೂ ಇರ್ಲಿಲ್ಲ.”

ಅವಳ ಗಂಡ ತೀರ್ಥಪ್ಪ ಕಚೇರಿಯೊಂದರಲ್ಲಿ ಪಹಣಿ ಟೈಪು ಮಾಡುತ್ತಿದ್ದವನು. ನಿವೃತ್ತನಾಗುವಾಗ ಹಳೇ ಸಾಮಾನಿನ ಹರಾಜಿನಲ್ಲಿ ಇದನ್ನು ತಂದುಕೊಂಡಿದ್ದ. ಸಾಯುವವರೆಗೂ ಪ್ರತಿ ಸಂಜೆ ಜಗಲಿಯಲ್ಲಿ ಕೂತು, ತೊಡೆಯ ಮೇಲೆ ಇದನ್ನಿಟ್ಟುಕೊಂಡು ಬಡಿಯುತ್ತಿದ್ದನಂತೆ.

“ಏನ್ ಬರೀತೀರಿ ಅಂದ್ರೆ, ಇವತ್ತು ನೀನೇನ್ ಮಾಡ್ದೆ ಅದ್ನ ಕಣೇ ಅನ್ನೋರು. ರೊಟ್ಟಿ ಸೀದೋಗಿದ್ದನ್ನೂ ಬರ್ದವ್ರೆ.”

“ಅದನ್ನ ಯಾರು ಓದ್ತಿದ್ರು?”

“ಓದೋದ್ಯಾಕೆ? ನಾ ಪಕ್ಕದಲ್ಲೇ ಕೂತು ಕೇಳ್ತಿದ್ನಲ್ಲ.”

ಓಂಕಾರೇಶನಿಗೆ ಮೊದಲು ನಗು ಬಂತು. ಆಮೇಲೆ ಹೊಟ್ಟೆಕಿಚ್ಚಾಯಿತು. ಸತ್ತ ಗುಮಾಸ್ತನೊಬ್ಬನ ಮೇಲೆ, ಸೀದ ರೊಟ್ಟಿಯೊಂದರ ಮೇಲೆ ತನಗೆ ಹೊಟ್ಟೆಕಿಚ್ಚಾಗುತ್ತಿದೆ ಎಂಬುದು ಅವನಿಗೇ ನಾಚಿಕೆ ತಂದಿತು.

ಕೀಗಳ ಮೇಲೆ ಬೆರಳಿಟ್ಟ. ವಿಭೂತಿ ತಣ್ಣಗಿತ್ತು. ಏನು ಬರೆಯುವುದು? ಒಂದು ಹೆಸರು? ಯಾರ ಹೆಸರು? ಮುದುಕಿ ಗೋಡೆಯ ಕಡೆ ಮುಖಮಾಡಿ ಕಾಯುತ್ತಿದ್ದಳು. ಪೊರೆ ಬಂದು ಕಣ್ಣುಗಳು ಬೆಳ್ಳಗಾಗಿದ್ದವು. ಇವಳಿಗೆ ಏನು ತಿಳಿದೀತು ಎಂದುಕೊಂಡು ಅವನು ಬೆರಳುಗಳನ್ನು ಆ ತುದಿಯಿಂದ ಈ ತುದಿಯವರೆಗೆ ಸರಸರನೆ ಓಡಿಸಿದ. ಸದ್ದು ನಿಜಕ್ಕೂ ಸೊಗಸಾಗಿತ್ತು.

“ಏನ್ ಬರುದ್ರಿ?”

“ನಿಮ್ಮ ಯಜಮಾನ್ರ ಬಗ್ಗೆ. ತುಂಬ ಒಳ್ಳೆಯವರಾಗಿದ್ರು ಅಂತ.”

ಕರಿಬಸಮ್ಮ ಮುಖವನ್ನು ಅವನ ಕಡೆ ತಿರುಗಿಸಿದಳು. “ಸುಳ್ಳು ಹೇಳಬ್ಯಾಡ ಕಣಪ್ಪಾ” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಬಹುವಚನ ಮಾತ್ರ ಹೋಗಿತ್ತು. “ಬರೆಯೋರು ನಡುನಡುವೆ ನಿಲ್ಲುಸ್ತಾರೆ. ಏನ್ ಹೇಳದು ಅಂತ ಯೋಚ್ನೆ ಮಾಡ್ತಾರೆ. ನೀನು ಎಲ್ಲೂ ನಿಲ್ಲುಸ್ಲೇ ಇಲ್ಲ.”

ಅವನು ಕೀಗಳ ಮೇಲಿಂದ ಕೈ ತೆಗೆದ. ಕಳ್ಳನನ್ನು ಹಿಡಿದವಳು ಬೈದಾದರೂ ಬಿಡಬೇಕಿತ್ತು.

ಅವಳು ಬೈಯಲಿಲ್ಲ. ಗಂಡನ ಟವೆಲೊಂದನ್ನು ತಂದು ಕೀಬೋರ್ಡನ್ನು ಸುತ್ತಿ, ಕೂಸನ್ನು ಕೊಡುವಂತೆ ಎರಡೂ ಕೈಯಲ್ಲಿ ಕೊಟ್ಟಳು. “ತಗೊಂಡೋಗು. ಮುಂದಿನ್ ವರ್ಷ ತೊಳ್ಯಕ್ಕೆ ನಾನಿರ್ತೀನೋ ಇಲ್ವೋ. ಮನೇಲಿ ಕೇಳೋರು ಯಾರಾದ್ರೂ ಅವ್ರಾ?”

“ಇದಾರೆ” ಎಂದು ಅವನು ಎರಡನೇ ಸುಳ್ಳನ್ನು ಹೇಳಿದ. ಅಥವಾ, ಬಸ್ಸು ಸಿಕ್ಕರೆ ಅದು ಸುಳ್ಳಾಗಬೇಕಿಲ್ಲ.

ಬಸ್ಸು ಸಿಕ್ಕಿತು. ಅಜ್ಜಂಪುರದ ಬಸ್‌ಸ್ಟ್ಯಾಂಡಿನಲ್ಲಿ ಮೂತಿಗೆ ಬಾಳೆಕಂದು ಕಟ್ಟಿಸಿಕೊಂಡು, ಎಂಜಿನ್ ಆನ್ ಮಾಡಿಕೊಂಡು ನಿಂತಿತ್ತು. “ತರೀಕೆರೆ, ತರೀಕೆರೆ! ಬತ್ತೀರಾ ಸಾರ್? ಇದ್ ಬಿಟ್ರೆ ಸಂಜೆಗಂಟ ಇಲ್ಲ. ಹಬ್ಬ, ಗಾಡಿ ಕಮ್ಮಿ” ಎಂದ ಕಂಡಕ್ಟರ್.

“ಒಂದು ನಿಮಿಷ” ಎಂದು ಓಂಕಾರೇಶ ಕಲ್ಲುಬೆಂಚಿನ ಮೇಲೆ ಕೂತ.

ಫೋನ್ ತೆಗೆದ. ‘ಎಲೆ ಹಾಕ್ತಿದ್ದೀವಿ’ ಎಂದು ತನುಜಾ ಬರೆದಿದ್ದಳು. ಅವನು ನೋಡುತ್ತಿದ್ದಂತೆಯೇ ಅವಳು ಮತ್ತೇನೋ ಟೈಪು ಮಾಡುತ್ತಿರುವ ಗುರುತು ಕಾಣಿಸಿತು. ನಿಂತಿತು. ಮತ್ತೆ ಕಾಣಿಸಿತು. ಮತ್ತೆ ನಿಂತಿತು. ಬರೆಯುವವರು ನಡುನಡುವೆ ನಿಲ್ಲಿಸುತ್ತಾರೆ. ಕೊನೆಗೆ ಏನೂ ಬರಲಿಲ್ಲ.

ಅವನು ಹೆಬ್ಬೆರಳನ್ನು ಗಾಜಿನ ಮೇಲೆ ತಂದ. ನುಣ್ಣನೆಯ ಗಾಜು. ಒತ್ತಿದರೆ ಒತ್ತಿದ್ದೇ ಗೊತ್ತಾಗುವುದಿಲ್ಲ. ಬೆರಳು ಅಲ್ಲೇ ನಿಂತಿತು.

ಫೋನನ್ನು ಬೋರಲಾಗಿ ಪಕ್ಕಕ್ಕಿಟ್ಟು, ಟವೆಲು ಬಿಚ್ಚಿ, ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡ. ‘ತನುಜಾ’ ಎಂದು ಹೊಡೆದ. ನಿಲ್ಲಿಸಿದ. ‘ನನಗೆ ಭಯ’ ಎಂದು ಹೊಡೆದ. ಪಕ್ಕದಲ್ಲಿ ಕೂತಿದ್ದ ಹೆಂಗಸು ತನ್ನ ಚೀಲವನ್ನು ಸ್ವಲ್ಪ ಆಚೆಗೆಳೆದುಕೊಂಡಳು. ‘ನೀನು ಹೋದ ದಿನ ಗೇಟಿನ ಸದ್ದು ಕೇಳಿಸಿತು. ನಾನು ಮೇಲೇ ಕೂತಿದ್ದೆ. ಏನೋ ಮರೆತು ವಾಪಸು ಬರುತ್ತೀಯ, ಆಗ ಇಳಿಯೋಣ ಎಂದುಕೊಂಡೆ.’ ಮತ್ತೆ ನಿಲ್ಲಿಸಿದ. ಕಣ್ಣು ತುಂಬಿ ಅಕ್ಷರಗಳು ಕಲಸಿಹೋಗಿದ್ದವು. ‘ನೀನು ಏನೂ ಮರೆತಿರಲಿಲ್ಲ. ಮನೆಯಲ್ಲಿ ಒಂದು ಲೋಟ ಬಿದ್ದ ಸದ್ದೂ ಇಲ್ಲ. ನಾನೇ ಒಂದನ್ನು ಬೀಳಿಸಿ ನೋಡಿದೆ. ಆ ಸ್ಕೂಲಿಗೆ ಸೇರಬೇಡ.’

ಕಂಡಕ್ಟರ್ ಅವನ ಕಡೆ ಎರಡು ಸಲ ನೋಡಿ ಸೀಟಿ ಊದಿದ. ಬಸ್ಸು ಹೊರಟಿತು. ಅವನು ತಲೆಯೆತ್ತಲಿಲ್ಲ.

‘ವಾಪಸು ಬಾ’ ಎಂದು ಹೊಡೆದು, ಬಲಗಡೆಯ ದೊಡ್ಡ ಎಂಟರ್ ಕೀಯನ್ನು ಒತ್ತಿದ. ಒಳಗೆ ಏನೋ ಮುರಿದ ಸದ್ದಾಯಿತು. ಕೆಳಗೆ ಹೋದ ಕೀ ಮೇಲಕ್ಕೆ ಬರಲಿಲ್ಲ. ತುಕ್ಕುನೀರು ತೊಡೆಯ ಮೇಲೆ ಹರಡುತ್ತಿತ್ತು. ವೈರಿನ ತುದಿ ಬೆಂಚಿನಿಂದ ಕೆಳಗೆ ಜೋತುಬಿದ್ದು, ನೆಲದ ದೂಳಿಗೆ ತಾಗಿ ಮೆಲ್ಲಗೆ ಆಡುತ್ತಿತ್ತು.

ಓಂಕಾರೇಶ ವಿಭೂತಿಯ ಬೆರಳುಗಳನ್ನು ಟವೆಲಿಗೆ ಒರೆಸಿಕೊಂಡ. ಆಮೇಲೆ ಫೋನನ್ನು ಮಗುಚಿ, ಅವಳ ಉತ್ತರ ಬಂದಿದೆಯೇ ಎಂದು ನೋಡಿದ.