ಬೀಡಿ ಶೆಡ್ಡಿನ ವಾರ್ತೆ

ಪುತ್ತೂರಿನ ಆ ಬೀಡಿ ಶೆಡ್ಡಿಗೆ ಇದ್ದದ್ದು ಒಂದೇ ಕಿಟಕಿ. ಹೊಗೆಸೊಪ್ಪಿನ ಧೂಳು ಕುಂಞಿ ಮೋನುವಿನ ಎದೆಯನ್ನು ತಿಂದು ಹಾಕಿತ್ತು. ನಾಲ್ಕು ಬೀಡಿ ಕಟ್ಟುವಷ್ಟರಲ್ಲಿ ಕೆಮ್ಮು. ಆದರೆ ಬೀಡಿ ಕಟ್ಟುವವರಲ್ಲಿ ಓದು ಬರುತ್ತಿದ್ದುದು ಅವನೊಬ್ಬನಿಗೇ. ಅವನು ಪೇಪರನ್ನು ಗಟ್ಟಿಯಾಗಿ ಓದಬೇಕು, ಉಳಿದವರು ಅವನ ಪಾಲಿನ ಬೀಡಿಯನ್ನೂ ಕಟ್ಟಿಕೊಡಬೇಕು. ಶೆಡ್ಡಿನ ಕಟ್ಟಳೆ ಅದು. ಮನೆಯಲ್ಲಿ ಅವನ ಹೆಂಡತಿ ನೆಬೀಸ ಒಲೆ ಹಚ್ಚುತ್ತಿದ್ದದ್ದು ಅದರಿಂದಲೇ.

ಧಣಿ ಕೃಷ್ಣಮೋಹನರು ಒಂದು ದಿನ ರೇಡಿಯೋ ತಂದಿಟ್ಟರು. ಬೆಳಿಗ್ಗೆ ವೀಣೆ, ಮಧ್ಯಾಹ್ನ ದೆಹಲಿಯಿಂದ ಕನ್ನಡ ವಾರ್ತೆ. ವೀಣೆ ಶುರುವಾದರೆ ಪಕ್ಕದಲ್ಲಿ ಕೂರುವ ಬೋಜಪ್ಪ ಎಲೆಯ ಕತ್ತರಿ ಕೆಳಗಿಟ್ಟು ಕಣ್ಣು ಮುಚ್ಚುತ್ತಿದ್ದ.

"ಇನ್ನು ನನಗೆ ಯಾರೂ ಬೀಡಿ ಕಟ್ಟುದು ಬೇಡ. ಪೇಪರೂ ಬೇಡ" ಎಂದ ಮೋನು. "ಕೆಮ್ಮುವವ ಓದುದು ಯಾಕೆ? ಇದು ಉಂಟಲ್ಲ!"

ಅಯ್ಯೋ ಮರುಳೇ! ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಂಡ.

ಒಂದು ಮಧ್ಯಾಹ್ನ ವಾರ್ತೆಯಲ್ಲಿ ಬೀಡಿ ಕೆಲಸದವರಿಗೆ ಹೊಸ ಕಾನೂನು, ಸಂಬಳದ ರಜೆ ಎಂದು ಬಂತು. ಮರುದಿನ ಅದೇ ಹೊತ್ತಿಗೆ ಧಣಿಗಳ ಲೆಕ್ಕ ಬರೆಯುವ ರೈಟರ್ ಅಚ್ಚುತ ರೇಡಿಯೋದ ಕಿವಿ ತಿರುಗಿಸಿದ. ಸಿನಿಮಾ ಪದ್ಯ!

"ವಾರ್ತೆ ಇಡಿ ಮಾರಾಯ್ರೆ" ಎಂದ ಮೋನು.

"ಎಂತ ವಾರ್ತೆ? ಪದ್ಯ ಕೇಳಿದರೆ ಕೈ ಬೇಗ ಓಡ್ತದೆ. ಧಣಿಗಳ ಅಪ್ಪಣೆ."

"ಬೆಳಿಗ್ಗೆ ವೀಣೆಯಾದರೂ ಇಡ್ತೀರಾ?" ಬೋಜಪ್ಪ ಕೇಳಿದ.

"ಅದು ಕೇಳಿ ನೀನು ನಿದ್ದೆ ಮಾಡುದು!"

ಎಲ್ಲರೂ ನಕ್ಕರು. ಪದ್ಯ ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಬೇಕು.

ಸ್ವಲ್ಪ ಸಮಯದಲ್ಲೇ ಅಚ್ಚುತ ಹೊಸ ಮಾತು ತಂದ. "ಕಾನೂನು ಬಂದಿದೆ, ಶೆಡ್ಡು ಮುಚ್ಚಬೇಕಂತೆ. ಮನೆಯಲ್ಲೇ ಕಟ್ಟಿ, ಎಲೆ ಕೊಡ್ತೇವೆ. ಕೆಲಸ ನೀವಾಗಿ ಬಿಟ್ಟದ್ದು ಅಂತ ಶನಿವಾರ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ."

ನಿಜವೋ ಸುಳ್ಳೋ, ಹೇಳುವವರು ಯಾರು? ಶನಿವಾರ ಮೋನು ಪೇಟೆಯ ಹೋಟೆಲಿಗೆ ಹೋಗಿ ಪೇಪರು ಬೇಡಿ ಓದಿದ. ಕಾನೂನಿನ ಸುದ್ದಿ ಇತ್ತು, ಕೆಲಸದಲ್ಲಿ ಇದ್ದವರಿಗೆ ಸಂಬಳದ ರಜೆ ಎಂದೂ ಇತ್ತು. ಶೆಡ್ಡು ಮುಚ್ಚಬೇಕೆಂದು ಎಲ್ಲೂ ಇರಲಿಲ್ಲ. ಎದೆ ಹಿಡಿದುಕೊಂಡು ಶೆಡ್ಡಿಗೆ ಓಡಿ ಬಂದ. ಹೆಬ್ಬೆಟ್ಟು ಒತ್ತಲು ಸಾಲು ನಿಂತಿತ್ತು.

"ಒತ್ತಬೇಡಿ! ಸುಳ್ಳು ಅದು! ಕಾನೂನಿನಲ್ಲಿ..."

ಅಚ್ಚುತ ರೇಡಿಯೋ ಜೋರು ಮಾಡಿದ. ಮೋನುವಿಗೆ ಕೆಮ್ಮು ಒತ್ತರಿಸಿಕೊಂಡು ಬಂತು.

"ಮೋನಾಕ, ಪದ್ಯ ಮುಗೀಲಿ, ಮತ್ತೆ ಹೇಳಿ!" ಯಾರೋ ಕೂಗಿದರು.

ಆ ಪದ್ಯ ಮುಗಿದು ಇನ್ನೊಂದು ಬಂತು. ಸಾಲು ಮುಂದೆ ಸರಿಯಿತು. ಬೋಜಪ್ಪನೂ ಒತ್ತಿದ.

ಸೋಮವಾರ ಶೆಡ್ಡಿಗೆ ಬೀಗ. ರೇಡಿಯೋ ಧಣಿಗಳ ಮನೆ ಸೇರಿತ್ತು. ಎಲೆ ಕೇಳಿದವರಿಗೆ ಅಚ್ಚುತ, "ನೀವಾಗಿ ಬಿಟ್ಟವರಲ್ಲವೋ?" ಎಂದು ಬೆನ್ನು ತಿರುಗಿಸಿದ.

ಶೆಡ್ಡಿನ ಜಗಲಿಯಲ್ಲಿ ಎಲ್ಲರೂ ಬರಿಗೈಯಲ್ಲಿ ಕೂತಿದ್ದರು.

"ಮೋನಾಕ, ಮೊನ್ನೆ ನೀವು ಹೇಳಿದ್ದು ಎಂತ?" ಬೋಜಪ್ಪ ಕೇಳಿದ.

ಮೋನು ಹೇಳಿದ. ಈ ಸಲ ಎಲ್ಲರಿಗೂ ಸರಿಯಾಗಿ ಕೇಳಿತು.